ಆನೆ, ಇಸ್ತ್ರಿಪೆಟ್ಟಿಗೆ, ಎಡಗಾಲಿನ ಚಪ್ಪಲಿ

ಬೇರೆಯವರ ಮನೆಯೊಳಗೆ ಸೇರಿಕೊಂಡು, ಒಳಗಿನಿಂದ ಚಿಲಕ ಹಾಕಿ, ಹೊರಗೆ ನಿಂತ ಮನೆಯೊಡತಿಯನ್ನೇ 'ಯಾರು ಬೇಕಾಗಿತ್ತು' ಎಂದು ವಿಚಾರಿಸಿದ ಮಹಾನುಭಾವರು ಲೋಕದಲ್ಲಿ ಹೆಚ್ಚು ಜನ ಇರಲಾರರು. ಅಂಥವನೊಬ್ಬನ ಕಥೆ ಇದು. ಅವನು ಕಳ್ಳನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಒಂದು ಘಟ್ಟದಲ್ಲಿ ಅವನಿಗೇ ಆ ಬಗ್ಗೆ ಅನುಮಾನ ಬರುವುದಿದೆ.

ಬೀದಿಯವರು ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಮನೆಯ ಮುಂಭಾಗವೇ ಅಂಗಡಿ. ಒಂದು ರೋಲಿಂಗ್ ಶಟರ್, ಕೀ ಕೊರೆಯುವ ಒಂದು ಮಿಷನ್, ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ, ಇನ್ನೂ ಹಲ್ಲು ಮೂಡದ ಕೀಗಳು. ಶಟರಿನ ಪಕ್ಕದಲ್ಲಿ ಮಗುವಿನ ತಲೆಯಷ್ಟು ದಪ್ಪದ ಒಂದು ಹಿತ್ತಾಳೆ ಬೀಗ ಬಾಯಿ ತೆರೆದುಕೊಂಡು ತೂಗುತ್ತಿತ್ತು. ಅದು ಅವನ ಯೌವನದ ಸೃಷ್ಟಿ. ಒತ್ತಿದರೆ ಸಾಕು, ಮುಚ್ಚಿಕೊಳ್ಳುತ್ತದೆ. ತೆಗೆಯುವುದು ಮಾತ್ರ ತನ್ನೊಬ್ಬನಿಂದಲೇ ಸಾಧ್ಯ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅದರ ಕೀ ಯಾವಾಗಲೋ ಕಳೆದುಹೋಗಿದ್ದನ್ನು ಹೇಳುತ್ತಿರಲಿಲ್ಲ.

ಊರಿನ ಯಾವ ಬಾಗಿಲನ್ನಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯಬಲ್ಲ ಮನುಷ್ಯ ಊರೊಳಗೇ ಇದ್ದಾನೆ ಎಂದು ಗೊತ್ತಿದ್ದೂ ಜನ ನಿಶ್ಚಿಂತೆಯಿಂದ ಮಲಗಬೇಕಾದರೆ, ಆ ಮನುಷ್ಯನ ಹೆಸರು ಎಷ್ಟು ಶುಭ್ರವಾಗಿರಬೇಕು ಯೋಚಿಸಿ. ಬೀಗದಣ್ಣನಿಗೆ ಇದ್ದ ಆಸ್ತಿ ಅದೊಂದೇ. ಅದನ್ನು ಕಾಪಾಡಿಕೊಳ್ಳಲು ಅವನೊಂದು ಪದ್ಧತಿ ಇಟ್ಟುಕೊಂಡಿದ್ದ. ಕೀ ಕಳೆದುಕೊಂಡವರು ಯಾರೇ ಕರೆಯಲಿ, ಬಾಗಿಲಿಗೆ ಕೈ ಹಚ್ಚುವ ಮೊದಲು ಕೇಳುತ್ತಿದ್ದ: "ಬಾಗಿಲು ತೆಗೆದ್ರೆ ಎದುರಿಗೆ ಏನು ಕಾಣುತ್ತೆ?" ಸರಿಯಾಗಿ ಹೇಳಿದವರಿಗೆ ಬಾಗಿಲು ತೆರೆಯುತ್ತಿತ್ತು. ತಡವರಿಸಿದವರಿಗೆ ಬೀಗದಣ್ಣನ ಬೆನ್ನು ಕಾಣುತ್ತಿತ್ತು.

ಹೀಗಿರುವಾಗ ಅವನ ಹೆಂಡತಿಯ ಅಕ್ಕನಿಗೆ ಒಂದು ಫೋನು ಬಂತು. "ಅಜ್ಜಿ, ನಾನು. ಆಕ್ಸಿಡೆಂಟ್ ಆಗಿದೆ. ಅಪ್ಪನಿಗೆ ಹೇಳ್ಬೇಡ. ಬೇಗ ದುಡ್ಡು ಕಳಿಸು." ದನಿ ಸಾಕ್ಷಾತ್ ಮೊಮ್ಮಗನದೇ. ಆಕೆ ಕೂಡಿಟ್ಟಿದ್ದನ್ನೆಲ್ಲ ಕಳಿಸಿ, ಕಣ್ಣೊರೆಸಿಕೊಂಡು, ದೇವರಿಗೆ ಕೈ ಮುಗಿಯುತ್ತಿರುವಾಗ ಮೊಮ್ಮಗ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, "ಅಜ್ಜಿ, ಸಕ್ಕರೆ ಎಲ್ಲಿಟ್ಟಿದ್ದೀಯ?" ಎಂದು ಕೇಳಿದ.

ಆ ಸಕ್ಕರೆಯ ಪ್ರಶ್ನೆ ಇಡೀ ಬಂಧುಬಳಗವನ್ನು ನಡುಗಿಸಿಬಿಟ್ಟಿತು. ಬೀಗದಣ್ಣ ಅಂದು ಸಂಜೆಯೇ ಮನೆಯಲ್ಲಿ ಸಭೆ ಕರೆದ. ಸಭೆಯೆಂದರೆ ಹೆಂಡತಿ, ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದ ಭಾಮೈದ, ಮತ್ತು ಯಾರೂ ಕರೆಯದಿದ್ದರೂ ಎಲ್ಲ ಸಭೆಗೂ ಇಳಿದುಬರುವ ಮಹಡಿ ಮೇಲಿನ ನಿವೃತ್ತ ಪೋಸ್ಟ್‌ಮಾಸ್ಟರು.

"ಬಾಗಿಲಿಗೆ ಕಬ್ಬಿಣದ ಬೀಗ ಆಯ್ತು. ಇನ್ನು ಮಾತಿಗೂ ಒಂದು ಬೀಗ ಬೇಕು," ಎಂದು ಬೀಗದಣ್ಣ ಎದ್ದು ನಿಂತು ಹೇಳಿದ. "ಮನೆಯವರು ಯಾರೇ ಫೋನ್ ಮಾಡಿ ಕಷ್ಟ ಅಂದ್ರೂ ಮೊದಲು ಗುಟ್ಟಿನ ಮಾತು ಕೇಳ್ಬೇಕು. ಹೇಳಲಿಲ್ಲ ಅಂದ್ರೆ ನಾನೇ ಆಗಿದ್ರೂ ಫೋನ್ ಇಟ್ಬಿಡಿ."

"ನೀವೇ ಆಗಿದ್ರೂನಾ?" ಎಂದಳು ಹೆಂಡತಿ.

"ನಾನೇ ಆಗಿದ್ರೂ. ಬೀಗಕ್ಕೆ ದಾಕ್ಷಿಣ್ಯ ಇರಬಾರದು."

ಈ ಮಾತನ್ನು ಪೋಸ್ಟ್‌ಮಾಸ್ಟರು ತುಂಬ ಮೆಚ್ಚಿಕೊಂಡರು. ಬೀಗದಣ್ಣನಿಗೂ ಮೆಚ್ಚಿಗೆಯಾಗಿ, ಇನ್ನೊಂದು ಸಲ ಹೇಳಿದ.

ಮೊದಲ ವಾರದ ಗುಟ್ಟು 'ಆನೆ'. ಮರುವಾರ 'ಇಸ್ತ್ರಿಪೆಟ್ಟಿಗೆ'. ಅದರ ಮರುವಾರ 'ಎಡಗಾಲಿನ ಚಪ್ಪಲಿ'. ಏರ್ಪಾಡು ಚೊಕ್ಕವಾಗಿಯೇ ಇತ್ತು, ಕುಂದು ಒಂದೇ. ಇಂಥ ಜಾಣತನವನ್ನು ಕಂಡುಹಿಡಿದ ಮನುಷ್ಯ ಅದನ್ನು ನಾಲ್ಕು ಜನಕ್ಕೆ ಹೇಳದೆ ಹೇಗಿದ್ದಾನು? ಅಂಗಡಿಗೆ ಬಂದವರಿಗೆಲ್ಲ ಬೀಗದಣ್ಣ ಬಗ್ಗಿ, ದನಿ ತಗ್ಗಿಸಿ, "ಈ ವಾರದ್ದು ಎಡಗಾಲಿನ ಚಪ್ಪಲಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ," ಎನ್ನುತ್ತಿದ್ದ. ಒಂದು ಬೆಳಿಗ್ಗೆ ಕಸದ ಗಾಡಿಯವನು ಮನೆ ಮುಂದೆ ಗಂಟೆ ಬಾರಿಸಿ, "ಎಡಗಾಲಿನ ಚಪ್ಪಲಿ, ಕಸ ಕೊಡ್ರಮ್ಮಾ," ಎಂದು ಕೂಗಿದಾಗ ಹೆಂಡತಿ ತೊಟ್ಟಿಯನ್ನು ಗಾಡಿಗೆ ಸುರಿದಳು. ಆಮೇಲೆ ಒಳಗೆ ಬಂದಳು.

ಬೀಗದಣ್ಣ ಆಗ ಮಂಚದ ಕೆಳಗೆ ಅರ್ಧ ದೇಹ ತೂರಿಸಿ ಕನ್ನಡಕ ಹುಡುಕುತ್ತಿದ್ದ. ಹೆಂಡತಿ ಅವನ ಹೊರಗುಳಿದ ಅರ್ಧಕ್ಕೆ, ಸಾವಧಾನವಾಗಿ, ಗುಟ್ಟಿನ ಹೊಸ ಏರ್ಪಾಡನ್ನು ವಿವರಿಸಿದಳು. ಭಾಮೈದನಿಗೆ ಹೇಳಿಯಾಗಿದೆ, ಪೋಸ್ಟ್‌ಮಾಸ್ಟರಿಗೆ ಹೇಳುವುದಿಲ್ಲ ಎಂದಳು. "ಗೊತ್ತಾಯ್ತಾ?" ಎಂದು ಕೇಳಿದಳು.

"ಹೂಂ," ಎಂದ ಬೀಗದಣ್ಣ.

ಮದುವೆಯಾದಂದಿನಿಂದ ಅವನು ಆಕೆಯ ಎಲ್ಲ ಮಾತಿಗೂ ಕೊಡುತ್ತ ಬಂದ ಉತ್ತರ ಅದು. ಆಕೆ ಏನು ಹೇಳಿದಳೋ ಅವನ ಕಿವಿಗೆ ಬಿದ್ದಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಸದ್ಯಕ್ಕೆ ನಮಗೂ ಗೊತ್ತಿಲ್ಲದೆ ಇರಲಿ. ಕನ್ನಡಕ ಅವನ ಹಣೆಯ ಮೇಲೆಯೇ ಇತ್ತು.

ಅಂಗಡಿ ತೆಗೆದು ಕೂತ ಸ್ವಲ್ಪ ಹೊತ್ತಿಗೆಲ್ಲ ಬಂದವನು ಗರಿಗರಿ ಬಿಳಿ ಅಂಗಿಯ ಮನುಷ್ಯ. ಎರಡೂ ಕೈ ಜೋಡಿಸಿದ.

"ತಾವೇ ಅಲ್ವಾ? ಪ್ರಶ್ನೆ ಕೇಳದೆ ಬೀಗ ಮುಟ್ಟೋದಿಲ್ಲವಂತೆ. ಈ ಕಾಲದಲ್ಲಿ ಅಂಥವರು ಎಲ್ಲಿ ಸಿಗ್ತಾರೆ ಸಾರ್? ನನ್ನ ಮನೆ ಕೀ ಕಳೆದುಹೋಗಿದೆ. ಬೇರೆಯವರು ಬರ್ತೀನಿ ಅಂದ್ರು, ಬೇಡ ಅಂದೆ. ತೆಗೆದ್ರೆ ಅವರೇ ತೆಗೀಬೇಕು ಅಂದೆ."

ತನ್ನನ್ನು ಜೀವಮಾನದಲ್ಲಿ ಯಾರೂ 'ಸಾರ್' ಎಂದದ್ದಿಲ್ಲ. ಬೀಗದಣ್ಣ ಸಲಕರಣೆಯ ಚೀಲವನ್ನು ಹೆಗಲಿಗೇರಿಸಿದ ರೀತಿಯನ್ನು ನೋಡಬೇಕಿತ್ತು. ಹಾಡಿ ಹೇಳುವ ಕಥೆಗಳಲ್ಲಿ ವೀರರು ಬತ್ತಳಿಕೆ ಏರಿಸುವುದು ಹಾಗೆಯೇ. ಒಂದೊಂದಾಗಿ ತಂತಿ, ಕೊಕ್ಕೆ, ಚಿಮ್ಮಟ, ಸುತ್ತಿಗೆ, ಎಣ್ಣೆಯ ಡಬ್ಬಿ. ಕೊನೆಗೆ ಮಡಿಚಿದ ಒಂದು ಕರವಸ್ತ್ರ.

ಊರಾಚೆಯ ಸಾಲುಮನೆಗಳಲ್ಲಿ ಕೊನೆಯದರ ಮುಂದೆ ಅವನು ತನ್ನ ಪ್ರಶ್ನೆ ಕೇಳಿದ. ಬಿಳಿ ಅಂಗಿ ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸಿತು.

"ಎದುರು ಗೋಡೆಗೆ ಹಸಿರು ಗಡಿಯಾರ. ಕೆಳಗೆ ಮೂರು ಕಾಲಿನ ಮೇಜು. ಎಡಕ್ಕೊಂದು ಕುದುರೆಯ ಚಿತ್ರ. ಕುದುರೆಯ ಬಾಲ ಚೌಕಟ್ಟಿಗೆ ಸಾಲದೆ ಅರ್ಧಕ್ಕೇ ನಿಂತಿದೆ."

ಬಾಗಿಲು ತೆರೆಯಿತು. ಗಡಿಯಾರ ಹಸಿರು. ಮೇಜಿಗೆ ಮೂರೇ ಕಾಲು. ಬಾಲ ಅರ್ಧವೇ. ಬೀಗದಣ್ಣನಿಗೆ ರೋಮಾಂಚನವಾಯಿತು. ಇಷ್ಟು ಪೂರ್ತಿಯಾಗಿ ತನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ಇದುವರೆಗೆ ಒಬ್ಬರೂ ಇರಲಿಲ್ಲ. ಅದೇ ಸಂತೋಷದಲ್ಲಿ ಒಳಗಿನ ಬೀರುವನ್ನೂ ತೆಗೆದುಕೊಟ್ಟ. ಬಿಳಿ ಅಂಗಿ ಅದರಿಂದ ಒಂದು ಚೀಲ ತುಂಬಿಸಿಕೊಂಡಿತು.

"ಸಾರ್, ನಿಮ್ಮ ಕೂಲಿ ತರೋಕೆ ಬ್ಯಾಂಕಿಗೆ ಹೋಗ್ಬೇಕು. ನನ್ನ ಫೋನ್ ಸತ್ತುಹೋಗಿದೆ, ನಿಮ್ಮದು ಕೊಟ್ಟಿರಿ."

ಊರಿಗೆಲ್ಲ ಬೀಗ ಹಾಕಿದವನ ಫೋನಿಗೆ ಬೀಗ ಇರಲಿಲ್ಲ. ಬೀಗದಣ್ಣ ಕೊಟ್ಟ.

"ಇನ್ನೊಂದು ವಿಷಯ. ನಾನು ಬರೋವರೆಗೂ ಒಳಗಿಂದ ಚಿಲಕ ಹಾಕ್ಕೊಂಡಿರಿ. ಒಬ್ಬ ಹೆಂಗಸು ಬರ್ಬಹುದು. ಇದು ನನ್ನ ಮನೆ ಅಂತಾಳೆ. ಇತ್ತೀಚೆಗೆ ಈ ಥರ ಮೋಸ ವಿಪರೀತ ಆಗಿದೆ."

"ನನಗೆ ಹೇಳ್ತೀರಾ?" ಎಂದ ಬೀಗದಣ್ಣ. "ನಮ್ಮ ಮನೇಲಿ ಗುಟ್ಟಿನ ಮಾತೇ ಇದೆ. ಈ ವಾರದ್ದು..." ಎಂದು ಶುರು ಮಾಡುವಷ್ಟರಲ್ಲಿ ಬಿಳಿ ಅಂಗಿ ಗೇಟು ದಾಟಿತ್ತು.

ಕಾಯುತ್ತ ಕೂತವನಿಗೆ ಬೇಸರವಾಗಿ, ಕಿರುಗುಡುತ್ತಿದ್ದ ಒಂದೊಂದು ಬಾಗಿಲಿನ ಕೀಲಿಗೂ ಎಣ್ಣೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಹೊರಗಿನಿಂದ ಕೀ ತಿರುಗಿದ ಸದ್ದಾಯಿತು. ಚಿಲಕ ಇದ್ದುದರಿಂದ ಬಾಗಿಲು ಜಗ್ಗಲಿಲ್ಲ.

"ಯಾರು ಒಳಗೆ?" ಹೆಂಗಸಿನ ದನಿ.

"ಯಾರು ಬೇಕಾಗಿತ್ತು?"

"ಇದು ನನ್ನ ಮನೆ."

"ಹಾಗಂತಲೇ ಬರ್ತೀರಿ ಅಂತ ಹೇಳಿದ್ರು. ಇರಲಿ. ಬಾಗಿಲು ತೆಗೆದ್ರೆ ಎದುರಿಗೆ ಏನು ಕಾಣುತ್ತೆ?"

"ಏನು ಕಾಣುತ್ತೆ ಅಂದ್ರೆ? ಗೋಡೆ."

"ಗೋಡೆ ಎಲ್ಲರ ಮನೇಲೂ ಇರುತ್ತಮ್ಮ. ಗೋಡೆ ಮೇಲೆ?"

"ಗಡಿಯಾರ."

"ಬಣ್ಣ?"

"ನೀಲಿ," ಎಂದಿತು ದನಿ. "ಅಲ್ಲ, ಬೂದು ಇರ್ಬೇಕು."

"ಹಸಿರು. ಕುದುರೆ ಬಾಲ ಎಲ್ಲಿಗೆ ನಿಂತಿದೆ?"

"ಯಾವ ಕುದುರೆ?"

ಬೀಗದಣ್ಣನಿಗೆ ಕನಿಕರವಾಯಿತು. ಸಂದಿಯ ಹತ್ತಿರ ಬಾಯಿಟ್ಟು, "ಅಮ್ಮಾ, ನೋಡಿದ್ರೆ ಓದಿದವರ ಥರ ಮಾತಾಡ್ತೀರಿ. ಇಂಥ ಕೆಲಸ ಬಿಟ್ಟು ದುಡಿದು ಬದುಕಿ," ಎಂದ.

ಹೊರಗಿದ್ದವರು ಹಲ್ಲಿನ ಡಾಕ್ಟರಮ್ಮ. ಮನೆ ಕಟ್ಟಿಸಿದಾಗಿನಿಂದ ಆ ಗಡಿಯಾರದ ಕೆಳಗೇ ಕೂತು ಕಾಫಿ ಕುಡಿದವರು. ದಿನಾ ನೂರಾರು ಬಾಯಿಗಳೊಳಗೆ ಇಣುಕುವವರಿಗೆ ತಮ್ಮ ಮನೆಯ ಗೋಡೆ ನೋಡಲು ಪುರುಸೊತ್ತೆಲ್ಲಿ? ಅವರು ದನಿಯೇರಿಸಲಿಲ್ಲ. ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸರು ಬಂದಾಗ ಬೀಗದಣ್ಣ ಅವರನ್ನೂ ನಂಬಲಿಲ್ಲ. ಗುರುತಿನ ಚೀಟಿಯನ್ನು ಬಾಗಿಲ ಕೆಳಗಿಂದ ತಳ್ಳಲು ಹೇಳಿದ. ಚೀಟಿ ಒಳಗೆ ಬಂತು. ಅವನು ಕನ್ನಡಕ ಇಳಿಸಿಕೊಂಡು ಓದಿದ. ಚೀಟಿಯ ಮೇಲಿನ ಮುದ್ರೆ ನೋಡಿದ. ಚೀಟಿಯ ಹಿಂದೆ ನೋಡಿದ. ಬೆಳಗಿನಿಂದ ನಡೆದದ್ದೆಲ್ಲ ಒಂದೊಂದಾಗಿ ಅವನ ಎದುರಿಗೆ ಬಂದು ನಿಂತಿತು: ಕೈ ಜೋಡಿಸಿದ ಬಿಳಿ ಅಂಗಿ, ತುಂಬಿದ ಚೀಲ, ಬೀಗವಿಲ್ಲದ ಫೋನು. ನಾನು ಕಳ್ಳನೇ ಇರಬಹುದೇ ಎಂಬ ಅನುಮಾನ ಬಂದದ್ದು ಆಗಲೇ.

ಸ್ಟೇಷನ್ನಿನ ಇನ್ಸ್‌ಪೆಕ್ಟರಿಗೆ ವಿಪರೀತ ನೆಗಡಿ. ಅವರು ಮೂಗೊರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡಂತೆಲ್ಲ ಅವರ ಹುಬ್ಬು ಮೇಲೇರುತ್ತ ಹೋಯಿತು.

"ಅಂದ್ರೆ, ಕಳ್ಳನಿಗೆ ಬಾಗಿಲು ತೆಗೆದೆ."

"ಅವನಿಗೆ ಉತ್ತರ ಗೊತ್ತಿತ್ತು ಸಾರ್."

"ಮನೆಯೊಡತಿಗೆ ತೆಗೀಲಿಲ್ಲ."

"ಅವರಿಗೆ ಗೊತ್ತಿರಲಿಲ್ಲ ಸಾರ್."

ಮೂಲೆಯ ಕುರ್ಚಿಯಲ್ಲಿದ್ದ ಡಾಕ್ಟರಮ್ಮ, "ಮನೆ ಬಾಡಿಗೆಗೆ ಕೊಡೋಣ ಅಂತ ಫೋಟೋ ತೆಗೆದು ಫೋನಿನಲ್ಲಿ ಹಾಕಿದ್ದೆ," ಎಂದರು. "ಗಡಿಯಾರ, ಮೇಜು, ಎಲ್ಲಾ ಅದರಲ್ಲಿದೆ. ಕುದುರೇನೂ ಇದೆ. ಈಗ ತಾನೇ ನೋಡಿದೆ."

ಬೀಗದಣ್ಣ ಕಣ್ಣು ಕಣ್ಣು ಬಿಟ್ಟ. ಇಷ್ಟು ಕಾಲ ನಂಬಿದ್ದ ತನ್ನ ಬೀಗವನ್ನು ಒಂದು ಫೋಟೋ ತೆಗೆದುಹಾಕಿತ್ತು.

"ನೋಡಯ್ಯ," ಎಂದರು ಇನ್ಸ್‌ಪೆಕ್ಟರ್. "ನೀನು ಪೆದ್ದನೋ ಕಳ್ಳನ ಜೊತೆಗಾರನೋ ನನಗೆ ಗೊತ್ತಾಗ್ತಿಲ್ಲ. ಮನೆಯವರು ಯಾರಾದ್ರೂ ಬಂದು ನೀನು ಯಾರು ಅಂತ ಹೇಳಿದ್ರೆ ಸರಿ. ಇಲ್ಲಾಂದ್ರೆ ಅಲ್ಲಿಗೆ." ಅವರು ಲಾಕಪ್ಪಿನತ್ತ ಗಲ್ಲ ತೋರಿಸಿದರು.

ಬೀಗದಣ್ಣ ಅತ್ತ ನೋಡಿದ. ಆ ಬೀಗ ತೆಗೆಯಲು ಒಂದು ತಲೆಪಿನ್ನು ಸಾಕು ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಪುಣ್ಯಕ್ಕೆ ನುಂಗಿಕೊಂಡ. ಭಯ ಸರಳುಗಳದ್ದಾಗಿರಲಿಲ್ಲ. ಬೀಗ ರಿಪೇರಿಯವನು ಲಾಕಪ್ಪಿಗೆ ಹೋಗಿ ಬಂದ ಎಂದು ಗೊತ್ತಾದರೆ ನಾಳೆ ಯಾರು ತಮ್ಮ ಬಾಗಿಲು ತೋರಿಸುತ್ತಾರೆ? ಅಂಗಡಿಯ ಬೋರ್ಡಿನ ಮೇಲೆ ತಾನೇ ಬರೆಸಿದ್ದ ಮನೆಯ ಫೋನ್ ನಂಬರನ್ನು ನೆನಪಿಸಿಕೊಂಡು ಹೇಳಿದ.

ಅಷ್ಟರಲ್ಲಿ ಮೇಜಿನ ಮೇಲಿನ ಸ್ಟೇಷನ್ ಫೋನು ಬಡಿದುಕೊಂಡಿತು. ಪೇದೆ ಎತ್ತಿ, ಒಂದು ಕ್ಷಣ ಕೇಳಿ, "ನೋಡಪ್ಪ, ಇನ್ನೊಂದ್ಸಲ ಮಾಡಿದ್ರೆ ಒದ್ದು ಒಳಗೆ ಹಾಕ್ತೀನಿ," ಎಂದು ಕುಕ್ಕಿದ. "ಅವನೇ ಸಾರ್. ಆಗ್ಲಿಂದ ಪ್ರಾಣ ತಿಂತಿದ್ದಾನೆ. ಯಾವುದೋ ಅಂಗಡೀಲಿ ಕೂಡಿಹಾಕಿದ್ದಾರೆ, ಬಿಡಿಸಿ ಅಂತಾನೆ. ಯಾರು ನೀನು ಅಂದ್ರೆ ಇನ್ಸ್‌ಪೆಕ್ಟರ್ ಅಂತಾನೆ. ಯಾವ ಸ್ಟೇಷನ್ ಅಂದ್ರೆ ತಡವರಿಸ್ತಾನೆ."

"ಎಂಥೆಂಥ ಜನ," ಎಂದು ಇನ್ಸ್‌ಪೆಕ್ಟರ್ ಒಂದು ಸೀನು ಸೀನಿ, ತಮ್ಮ ಫೋನಿನಲ್ಲಿ ಬೀಗದಣ್ಣನ ಮನೆಗೆ ಕರೆ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

"ಹಲೋ, ಪೊಲೀಸ್ ಸ್ಟೇಷನ್ನಿಂದ ಇನ್ಸ್‌ಪೆಕ್ಟರ್ ಮಾತಾಡ್ತಿದ್ದೀನಿ. ನಿಮ್ಮ ಯಜಮಾನರು ಒಬ್ಬರ ಮನೆಯೊಳಗೆ ಸಿಕ್ಕಿಬಿದ್ದಿದ್ದಾರೆ."

ಆ ಕಡೆಯಿಂದ ಹೆಂಡತಿಯ ದನಿ ತಣ್ಣಗೆ ಬಂತು. "ಇನ್ನೊಬ್ಬ."

"ಏನಂದ್ರಿ?"

"ನಿಮಗಲ್ಲ. ಮಹಡಿ ಮೇಲಿನ ಪೋಸ್ಟ್‌ಮಾಸ್ಟ್ರಿಗೆ ಅಂದೆ. ಹೇಳಿ ಸಾರ್. ದುಡ್ಡು ಕೊಟ್ರೆ ಕೇಸು ಮುಚ್ಚಿಹಾಕ್ತೀರಾ?"

ಇನ್ಸ್‌ಪೆಕ್ಟರ್ ಬೆಚ್ಚಿ ಸುತ್ತ ನೋಡಿದರು. ಪೇದೆಗೆ ಇದ್ದಕ್ಕಿದ್ದಂತೆ ಮೇಲಿನ ಫ್ಯಾನಿನಲ್ಲಿ ಏನೋ ವಿಶೇಷ ಕಂಡಿತು.

"ಯಾರ್ರೀ ದುಡ್ಡು ಕೇಳಿದ್ದು?"

"ಕೇಳ್ತೀರಿ, ಸ್ವಲ್ಪ ಹೊತ್ತಾಗಲಿ. ಬೆಳಿಗ್ಗೆ ಮಾಡಿದ ಮೊದಲನೆಯವರೂ ಯಜಮಾನರು ಸಿಕ್ಕಿಬಿದ್ದಿದ್ದಾರೆ ಅಂತ ಶುರು ಮಾಡಿ, ಸ್ವಲ್ಪ ಹೊತ್ತಾದ ಮೇಲೇ ಕೇಳಿದ್ದು."

ಹಿಂದಿನಿಂದ ಪೋಸ್ಟ್‌ಮಾಸ್ಟರ ದನಿ ಕೇಳಿಸಿತು. "ಅವರು ಎಷ್ಟು ಗೌರವದಿಂದ ಮಾತಾಡಿದ್ರಮ್ಮ. ನನ್ನನ್ನೂ ಸಾರ್ ಅಂದ್ರು. ಅವರೇ ನಿಜವಾದ ಪೊಲೀಸು. ಇವನಿಗೆ ಪಾರ್ಟೇ ಬರಲ್ಲ. ಯಾವ ಪೊಲೀಸಪ್ಪ ಹೀಗೆ ಮೂಗು ಸುರುಸುರು ಅಂತಾನೆ?"

"ಅಕ್ಕ, ಅವರು ಭಾವನ ಫೋನಿಂದಲೇ ಮಾಡಿದ್ರು," ಇದು ಭಾಮೈದ. "ಇದು ಯಾವುದೋ ಗೊತ್ತಿಲ್ಲದ ನಂಬರು."

ಬೀಗದಣ್ಣನಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಗ್ಗಿ ಫೋನಿಗೆ ಬಾಯಿಟ್ಟ. "ಲೇ, ನಾನು ಕಣೇ."

"ನಾನು ಅಂದ್ರೆ?"

"ನಿನ್ನ ಗಂಡ."

"ದನಿ ಹಾಗೇ ಇದೆ. ಅಕ್ಕನ ಮೊಮ್ಮಗನ ದನೀನೂ ಹಾಗೇ ಇತ್ತು," ಎಂದಳು ಹೆಂಡತಿ. "ಗುಟ್ಟು ಏನು?"

ಬೀಗದಣ್ಣನ ಮುಖ ಅರಳಿತು. ಇದು ತನ್ನದೇ ಏರ್ಪಾಡು. "ಎಡಗಾಲಿನ ಚಪ್ಪಲಿ," ಎಂದ.

"ಅಲ್ಲ," ಎಂದಳು ಹೆಂಡತಿ.

"ಇಸ್ತ್ರಿಪೆಟ್ಟಿಗೆ?" ಎಂದ. "ಆನೆ. ಆನೆ ಕಣೇ. ಬಲಗಾಲಿನ ಚಪ್ಪಲಿ? ಒಲೆ? ಕುರ್ಚಿ?"

ಇನ್ಸ್‌ಪೆಕ್ಟರ್ ಪೇದೆಯನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಗ್ಯಾಂಗಿನ ಭಾಷೆ. ಕೇಳಿಸ್ಕೋ."

"ಆನೆ ಅಂದ್ರೆ ಸರಕು ದೊಡ್ಡದು ಅಂತ ಸಾರ್," ಪೇದೆಯೂ ಪಿಸುಗುಟ್ಟಿದ. "ಇಸ್ತ್ರಿಪೆಟ್ಟಿಗೆ ಅಂದ್ರೆ ಇನ್ನೂ ಬಿಸಿ ಇದೆ, ಮುಟ್ಬೇಡ ಅಂತ."

"ಎಡಗಾಲಿನ ಚಪ್ಪಲಿ?"

ಪೇದೆ ಯೋಚಿಸಿದ. "ಬಿಟ್ಟು ಓಡು ಅಂತ."

ಬೀಗದಣ್ಣ ಈಗ ಗುರುತಿನ ಸಾಕ್ಷಿಗಳಿಗೆ ಇಳಿದಿದ್ದ. "ನಿನ್ನ ತಮ್ಮ ಕೂತಲ್ಲೇ ಗೊರಕೆ ಹೊಡೀತಾನೆ. ಪೋಸ್ಟ್‌ಮಾಸ್ಟ್ರು ನಮ್ಮ ಪೇಪರ್ ಓದಿ ತಿರುಗಿ ಮಡಿಚಿಡ್ತಾರೆ."

"ಸುಳ್ಳು," ಎಂದವು ಎರಡು ದನಿಗಳು ಒಟ್ಟಿಗೆ.

"ನಿನ್ನ ಕೈಯಡುಗೆ ಅಂದ್ರೆ ಅಮೃತ ಕಣೇ. ದಿನಾ ಊಟ ಮಾಡುವಾಗ ಅಂದ್ಕೋತೀನಿ."

"ಇದು ಖಂಡಿತ ನಮ್ಮವರಲ್ಲ," ಎಂದಳು ಹೆಂಡತಿ. "ಸಾರ್, ನೀವು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಜೊತೆಯವನು ಇಲ್ಲೇ ನಮ್ಮ ಅಂಗಡಿಯೊಳಗೇ ಇದ್ದಾನೆ. ದುಡ್ಡು ಫೋನಲ್ಲಿ ಕಳಿಸೋಕೆ ಬರಲ್ಲ, ಬಂದು ತಗೊಳ್ಳಿ ಅಂದೆ, ಬಂದ. ಕೂತಿರಿ ಅಂತ ಹೇಳಿ ಶಟರ್ ಎಳೆದೆ. ನಮ್ಮವರು ಮಾಡಿದ ಹಿತ್ತಾಳೆ ಬೀಗ ಹಾಕಿದ್ದೀನಿ. ನೀವೂ ಬರೋದಾದ್ರೆ ಬನ್ನಿ, ಜಾಗ ಇದೆ."

"ನಿಜವಾದ ಪೊಲೀಸರನ್ನ ಕೂಡಿಹಾಕಿದ್ದೀವಿ," ಎಂದು ಪೋಸ್ಟ್‌ಮಾಸ್ಟರು ಹಿಂದಿನಿಂದ ಗೋಳಾಡಿದರು. "ನನ್ನ ಪೆನ್ಷನ್ ಹೋಯ್ತು."

ಬೀಗದಣ್ಣ ಇನ್ನೊಂದು ಮಾತಿಗೆ ಬಾಯಿ ತೆರೆದ. ಮಾತು ಬರಲಿಲ್ಲ. ತನ್ನ ಫೋನಿನಿಂದ ಯಾರೋ ಕರೆ ಮಾಡಿದ್ದು, ತಾನು ಸಿಕ್ಕಿಬಿದ್ದಿದ್ದೇನೆಂದು ಅವನು ಬೆಳಿಗ್ಗೆ ಹೇಳಿದ ಸುಳ್ಳು ಮಧ್ಯಾಹ್ನದ ಹೊತ್ತಿಗೆ ನಿಜವಾದದ್ದು, ಆ ಕಳ್ಳ ತನ್ನ ಮನೆಯಲ್ಲಿ ಕೂತಿರುವುದು, ತಾನು ಕಳ್ಳನ ಜಾಗದಲ್ಲಿ ನಿಂತಿರುವುದು, ಹೆಂಡತಿಗೆ ಅವನೂ ತಾನೂ ಒಂದೇ ಆಗಿರುವುದು, ಇವೆಲ್ಲ ಒಟ್ಟಿಗೆ ಅವನ ತಲೆಯ ಮೇಲೆ ಬಿದ್ದವು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು, ಅಂಗಡಿಯ ಮುಂದೆ ತೂಗುವ ಆ ಹಿತ್ತಾಳೆ ಬೀಗದ ಹಾಗೆ. ಇನ್ಸ್‌ಪೆಕ್ಟರ್ ಏನೋ ಹೇಳಲು ಹೋದರು. ಸೀನು ಬರುವಂತಾಗಿ ಮೂಗು ಹಿಡಿದು ನಿಂತರು. ಪೇದೆ ಅವರ ಮುಖ ನೋಡಿದ. ಡಾಕ್ಟರಮ್ಮ ಬೀಗದಣ್ಣನ ತೆರೆದ ಬಾಯನ್ನು ವೃತ್ತಿಯ ಕಣ್ಣಿನಿಂದ ನೋಡಿದರು. ಯಾರೂ ಮಾತಾಡಲಿಲ್ಲ. ಗೋಡೆಯ ಗಡಿಯಾರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು.

ಬಹಳ ಹೊತ್ತಾದ ಮೇಲೆ ಹೆಂಡತಿಯ ದನಿ ಬಂತು. ಈ ಸಲ ಅದು ಬೇರೆಯೇ ದನಿ.

"ರೀ. ನೀವೇನಾ?"

ಬೀಗದಣ್ಣನಿಗೆ ಹೂಂ ಎನ್ನಲೂ ಆಗಲಿಲ್ಲ.

"ಇವರು ನಮ್ಮವರೇ," ಎಂದಳು ಆಕೆ. "ಬೆಳಿಗ್ಗೆ ಹೇಳಿದ್ದೆ. ನೀವು ಆರಿಸಿದ ಮಾತೆಲ್ಲ ಬೀದಿಗೆ ಬಿತ್ತು, ಇನ್ಮೇಲೆ ಗುಟ್ಟಿಗೆ ಮಾತೇ ಬೇಡ, ಗುಟ್ಟೇನು ಅಂತ ಕೇಳಿದ್ರೆ ಸುಮ್ಮನಿರಿ ಅಂತ. ಮೋಸ ಮಾಡೋರು ಎಲ್ಲಾ ಮಾಡ್ತಾರೆ, ಸುಮ್ಮನಿರೋದು ಮಾತ್ರ ಅವರ ಕೈಲಾಗಲ್ಲ. ಬೇಗ ಬೇಗ, ಯಾರಿಗೂ ಹೇಳ್ಬೇಡಿ, ಫೋನ್ ಇಡಬೇ‌ಡಿ ಅಂತ ಬಡಬಡಿಸ್ತಾನೇ ಇರ್ತಾರೆ. ಆ ಅಂಗಡಿಯೊಳಗಿರೋನು ಎಷ್ಟು ಮಾತಾಡಿದ ಗೊತ್ತಾ? ಗುಟ್ಟೇನು ಅಂದ್ರೆ ಇಡೀ ಕಾನೂನು ಪುಸ್ತಕ ಓದಿದ." ಆಕೆ ಉಸಿರೆಳೆದುಕೊಂಡಳು. "ಆದ್ರೂ ಸಾರ್, ನಿಮ್ಮ ನಂಬರು ನಂಬಲ್ಲ. ಇದನ್ನ ಇಟ್ಟು, ಸ್ಟೇಷನ್ನಿನ ನಂಬರು ನಾನೇ ಹುಡುಕಿ ಮಾಡ್ತೀನಿ."

ಕರೆ ಕಡಿದುಹೋಯಿತು. ಇನ್ಸ್‌ಪೆಕ್ಟರ್ ತಮ್ಮ ಫೋನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಹಿಡಿದಿಟ್ಟಿದ್ದ ಸೀನು ಆಗ ಬಂತು.

ಮೇಜಿನ ಫೋನು ಬಡಿದುಕೊಂಡಿತು. ಪೇದೆ ಎತ್ತಿ, "ಒದ್ದು ಒಳಗೆ ಹಾಕ್ತೀನಿ ಅಂದಿದ್ನಲ್ಲೋ," ಎಂದು ಶುರುಮಾಡಿ, ನೆಟ್ಟಗೆ ನಿಂತು, "ಅಲ್ಲಮ್ಮ, ನಿಮಗಲ್ಲಮ್ಮ, ಹೌದಮ್ಮ, ಇಲ್ಲೇ ಇದ್ದಾರಮ್ಮ," ಎಂದ. ಫೋನನ್ನು ಕೈಯಿಂದ ಮುಚ್ಚಿ ಇನ್ಸ್‌ಪೆಕ್ಟರತ್ತ ತಿರುಗಿದ. "ಸಾರ್, ಬೆಳಿಗ್ಗೆಯಿಂದ ಬಿಡಿಸಿ ಬಿಡಿಸಿ ಅಂತಿದ್ನಲ್ಲ ಇನ್ಸ್‌ಪೆಕ್ಟರು. ಅವನು ಇವರ ಮನೇಲಿದ್ದಾನೆ."

ಜೀಪು ಬೀದಿಯೊಳಗೆ ಬಂದಾಗ ಇಡೀ ಬೀದಿ ಅಂಗಡಿಯ ಮುಂದಿತ್ತು. ಬೀಗದಣ್ಣ ಜೀಪಿನಿಂದಿಳಿದ. ಯಾರೂ ಅವನನ್ನು ನೋಡಿ ನಗಲಿಲ್ಲ; ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು, ಎಲ್ಲ ಭಾಗವೂ ಇದೆಯೇ ಎಂದು ಪರೀಕ್ಷಿಸುವಂತೆ.

"ಬೇಗ ತೆಗಿ," ಎಂದರು ಇನ್ಸ್‌ಪೆಕ್ಟರ್.

"ಬೇಗ ಅನ್ನೋರನ್ನ ನಂಬಬೇಡಿ ಅಂತ ಇವಳೇ ಹೇಳಿದ್ದು ಸಾರ್," ಎಂದು ಹೇಳಿ, ಅವರ ಮುಖ ನೋಡಿ, ಬೀಗದಣ್ಣ ಬೀಗದ ಮುಂದೆ ಕುಕ್ಕರಗಾಲಲ್ಲಿ ಕೂತ.

ಕೀ ಇಲ್ಲದ ತನ್ನದೇ ಸೃಷ್ಟಿ. ಯೌವನದಲ್ಲಿ ಒಳಗೆ ಏನೇನು ತಿರುವು ಇಟ್ಟಿದ್ದೆನೋ ಒಂದೂ ನೆನಪಿಲ್ಲ. ತಂತಿ ಹಾಕಿದ, ಕೊಕ್ಕೆ ಹಾಕಿದ, ಬಡಿದ, ಬೈದ, ಊದಿದ. ಕೊನೆಗೆ ಬೇರೆ ದಾರಿ ಕಾಣದೆ ಕಿವಿಯನ್ನು ಬೀಗಕ್ಕೆ ಹಚ್ಚಿ, ಉಸಿರು ಬಿಗಿಹಿಡಿದು, ತಂತಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಸುಮ್ಮನೆ ಕೇಳಿಸಿಕೊಂಡ. ಬೀದಿಯೂ ಅವನ ಜೊತೆ ಸುಮ್ಮನಾಯಿತು. ಒಳಗೆಲ್ಲೋ ಒಂದು ಸಣ್ಣ ಟಕ್ ಎಂಬ ಸದ್ದು. ಬೀಗ ಬಾಯಿ ಬಿಟ್ಟಿತು.

ಶಟರು ಎದ್ದಿತು. ಬಿಳಿ ಅಂಗಿ ಈಗ ಬಿಳಿಯಾಗಿರಲಿಲ್ಲ. ಅವನು ಡಾಕ್ಟರಮ್ಮನ ಚೀಲವನ್ನು ಎದೆಗವಚಿಕೊಂಡು ನೇರ ಇನ್ಸ್‌ಪೆಕ್ಟರ ಕಾಲಿಗೆ ಬಿದ್ದ.

"ಕರ್ಕೊಂಡು ಹೋಗಿ ಸಾರ್. ಈ ಜನ ಹೊರಗೆ ನಿಂತು ಕೈಕಾಲು ಮುರಿಯೋ ಮಾತಾಡ್ತಿದ್ದಾರೆ. ನನ್ನ ಜೊತೆಯವರಿಗೆ ಫೋನ್ ಮಾಡಿದೆ, ಇದೇನು ಹೊಸ ಮೋಸ ಅಂತ ಕೇಳಿ ಇಟ್ಬಿಟ್ರು. ನಿಮಗೆ ಮಾಡಿದೆ, ನೀವೂ ನಂಬಲಿಲ್ಲ."

ಪೋಸ್ಟ್‌ಮಾಸ್ಟರು ಜನರ ಹಿಂದೆ ಸರಿದು, ಮೊದಲಿನಿಂದಲೂ ತಮಗೆ ಅನುಮಾನವಿತ್ತು ಎಂದು ಭಾಮೈದನಿಗೆ ಹೇಳುತ್ತಿದ್ದರು.

ಜೀಪು ಹೋಯಿತು. ಅದರಲ್ಲೇ ಬಂದಿದ್ದ ಡಾಕ್ಟರಮ್ಮ ಮಾತ್ರ ಮರಳಿ ಸಿಕ್ಕ ತಮ್ಮ ಚೀಲ ಹಿಡಿದು ನಿಂತೇ ಇದ್ದರು. ಬೀದಿಯೂ ನಿಂತಿತ್ತು. ಬೀಗದಣ್ಣ ತಲೆ ಎತ್ತಲಿಲ್ಲ. ಅವರು ಏನು ಹೇಳುತ್ತಾರೋ ಅದರ ಮೇಲೆ ತನ್ನ ಬೋರ್ಡು ಇರುತ್ತದೆ, ಇಲ್ಲವೇ ಇಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

"ನನ್ನ ಮನೆಯ ಬೀಗಗಳನ್ನೆಲ್ಲ ಬದಲಾಯಿಸಬೇಕು," ಎಂದರು ಡಾಕ್ಟರಮ್ಮ. "ನೀವೇ ಬನ್ನಿ. ಮನೆಯೊಡತಿಯನ್ನೇ ಒಳಗೆ ಬಿಡದ ಕಾವಲುಗಾರ ನನಗೆ ಬೇರೆ ಎಲ್ಲಿ ಸಿಗ್ತಾನೆ? ಬಾಗಿಲು ಕಿರುಗುಟ್ಟೋದೂ ನಿಂತಿದೆ."

ಬೀಗದಣ್ಣನ ಕಣ್ಣು ತುಂಬಿತು. ಆದರೂ ಅಭ್ಯಾಸ ಬಿಡಬೇಕಲ್ಲ. "ಬಾಗಿಲು ತೆಗೆದ್ರೆ ಎದುರಿಗೆ..." ಎಂದು ನಾಲಿಗೆ ತಾನಾಗಿಯೇ ಹೊರಳಿತು.

"ನೀವು ಕಾಣ್ತೀರಿ," ಎಂದರು ಡಾಕ್ಟರಮ್ಮ. "ಎಣ್ಣೆ ಡಬ್ಬಿ ಹಿಡ್ಕೊಂಡು. ಇನ್ನು ಸಾಯೋವರೆಗೂ ಅದೇ ಕಾಣುತ್ತೆ."

ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಗಂಡಹೆಂಡತಿ ಕೂತಿದ್ದರು. ಹಿತ್ತಾಳೆ ಬೀಗ ಮತ್ತೆ ತನ್ನ ಮೊಳೆಯಲ್ಲಿ ತೂಗುತ್ತಿತ್ತು.

"ಬೆಳಿಗ್ಗೆ ನಾನು ಇನ್ನೂ ಒಂದು ವಿಷಯ ಹೇಳಿದ್ದೆ," ಎಂದಳು ಹೆಂಡತಿ. "ಏನು ಹೇಳಿ ನೋಡೋಣ?"

ಬೀಗದಣ್ಣನ ತುಟಿ 'ಹೂಂ' ಎನ್ನಲು ಸಿದ್ಧವಾಯಿತು. ಆದರೆ ಅವನು ಅದನ್ನು ಹಿಡಿದ. ಆಕೆಯ ಕಡೆ ತಿರುಗಿ, ಅತ್ಯಂತ ಗಂಭೀರವಾಗಿ, ಸುಮ್ಮನೆ ಕೂತ.

ಹೆಂಡತಿ ಬಹಳ ಹೊತ್ತು ಅವನ ಮುಖ ನೋಡಿದಳು. ಮರೆತಿದ್ದಾನೋ, ಗುಟ್ಟು ಹೇಳುತ್ತಿದ್ದಾನೋ ಆಕೆಗೂ ತಿಳಿಯಲಿಲ್ಲ.